ಶಿಶುವಿನ ಅಳು ತಿದ್ದಿದ ನಿಯಮ

ಮದೀನಾದಲ್ಲಿ ಒಂದು ರಾತ್ರಿ ವರ್ತಕರ ತಂಡವೊಂದು ಬೀಡುಬಿಟ್ಟಿತ್ತು. ಖಲೀಫಾ ಹಝ್ರತ್ ಉಮರ್(ರ)ರವರು ಅಬ್ದುರ್ರಹ್ಮಾನ್ ಬಿನ್ ಔಫ್(ರ)ರವರೊಡನೆ ಅವರ ಕಾವಲಿಗೆ ನಿಂತಿದ್ದರು. ಶಿಶುವೊಂದರ ಅಳು ಮತ್ತೆ ಮತ್ತೆ ಕೇಳಿಬಂತು. ವಿಚಾರಿಸಲಾಗಿ, ಎದುರಿಗಿರುವವರು ಯಾರೆಂದು ಅರಿಯದ ಆ ತಾಯಿ ನಿಜವನ್ನು ಹೇಳಿದಳು. ಮೊಲೆಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ನೀಡುತ್ತಾರೆ, ಆದ್ದರಿಂದ ಅವಧಿಗೆ ಮುನ್ನವೇ ಮಗುವಿಗೆ ಹಾಲು ಬಿಡಿಸುತ್ತಿದ್ದೇನೆ ಎಂದಳು.

ಅಂದಿನ ಫಜ್ರ್ ನಮಾಝಿನಲ್ಲಿ ಖಲೀಫರ ಕುರ್‌ಆನ್ ಪಾರಾಯಣವು ಅಳುವಿನಿಂದಾಗಿ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲವೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಬಳಿಕ ಅವರು ಹುಟ್ಟಿದ ಪ್ರತಿಯೊಂದು ಶಿಶುವಿಗೂ ಬೈತುಲ್ ಮಾಲ್‌ನಿಂದ ಭತ್ಯೆ ನೀಡಲು ಆಜ್ಞಾಪಿಸಿದರು. ಮೊದಲಿನ ನಿಯಮದ ಉದ್ದೇಶವೂ ಒಳಿತೇ ಆಗಿತ್ತು. ಆದರೆ ಅದರ ಒಂದು ಷರತ್ತು ಹಸುಳೆಯ ಬಾಯಿಯ ಹಾಲನ್ನು ಕಸಿದಿತ್ತು.

ನಮ್ಮ ದೇಶದ ಶಾಲಾ ಬಿಸಿಯೂಟದ ಇತಿಹಾಸವೂ ಇದೇ ಪಾಠವನ್ನು ಹೇಳುತ್ತದೆ. 1995ರ ಆಗಸ್ಟ್ 15ರಂದು ಕೇಂದ್ರ ಸರಕಾರವು ಪ್ರಾಥಮಿಕ ಶಾಲಾ ಮಕ್ಕಳಿಗಾಗಿ ಪೌಷ್ಟಿಕ ಆಹಾರ ಯೋಜನೆಯನ್ನು ಆರಂಭಿಸಿತು. ಆದರೆ ಹೆಚ್ಚಿನ ರಾಜ್ಯಗಳಲ್ಲಿ ಊಟದ ಬದಲು, ಶೇ. 80ರಷ್ಟು ಹಾಜರಾತಿ ಇರುವ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯವನ್ನು ವಿತರಿಸಲಾಯಿತು. ಧಾನ್ಯವೇನೋ ಮನೆ ಸೇರಿತು. ತರಗತಿಯಲ್ಲಿ ಕುಳಿತ ಮಗುವಿನ ಮಧ್ಯಾಹ್ನದ ಹಸಿವು ಹಾಗೆಯೇ ಉಳಿಯಿತು.

2001ರಲ್ಲಿ ರಾಜಸ್ಥಾನವು ಬರದಿಂದ ತತ್ತರಿಸುತ್ತಿದ್ದಾಗ ಸರಕಾರದ ಗೋದಾಮುಗಳು ಧಾನ್ಯದಿಂದ ತುಂಬಿದ್ದವು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆಯು ಈ ವೈರುಧ್ಯವನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟಿತು. ಅದೇ ವರ್ಷದ ನವೆಂಬರ್ 28ರಂದು ನ್ಯಾಯಾಲಯವು, ಸರಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿಯೊಂದು ಮಗುವಿಗೂ ವರ್ಷಕ್ಕೆ ಕನಿಷ್ಠ 200 ದಿನ ಬೇಯಿಸಿದ ಊಟವನ್ನೇ ನೀಡಬೇಕೆಂದು ಆದೇಶಿಸಿತು. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಇರಬೇಕೆಂದು 2004ರಲ್ಲಿ ಹೇಳಿತು.

ಕರ್ನಾಟಕದಲ್ಲಿ 2002-03ರಲ್ಲಿ ‘ಅಕ್ಷರ ದಾಸೋಹ’ವು ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ 2007-08ರಲ್ಲಿ ಪ್ರೌಢಶಾಲೆಗಳಿಗೂ ವಿಸ್ತರಿಸಿತು. 2013ರ ಆಗಸ್ಟ್ 1ರಂದು ‘ಕ್ಷೀರ ಭಾಗ್ಯ’ದ ಮೂಲಕ 150 ಮಿ.ಲೀ. ಬಿಸಿ ಹಾಲು ಸೇರಿಕೊಂಡಿತು. ಅದೇ ವರ್ಷ ಬಂದ ಆಹಾರ ಭದ್ರತಾ ಕಾಯ್ದೆಯು ಈ ಊಟವನ್ನು ಮಕ್ಕಳ ಹಕ್ಕೆಂದು ಸಾರಿತು. ಒಂದರಿಂದ ಐದನೆಯ ತರಗತಿಯ ಮಗುವಿಗೆ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೊಟೀನ್, ಆರರಿಂದ ಎಂಟನೆಯವರೆಗೆ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೊಟೀನ್ ಎಂದು ಅದು ನಿಗದಿಪಡಿಸಿದೆ.

ಆದ್ದರಿಂದ ಸರಕಾರಿ ಶಾಲೆಯಲ್ಲಿ ತಟ್ಟೆ ಹಿಡಿದು ಕುಳಿತ ನಮ್ಮ ಮಗು ಯಾರದೋ ಭಿಕ್ಷೆಯನ್ನು ಉಣ್ಣುತ್ತಿಲ್ಲ. ಅದು ತನ್ನ ಹಕ್ಕನ್ನು ಪಡೆಯುತ್ತಿದೆ. ಇದರಲ್ಲಿ ಸಂಕೋಚಕ್ಕೆ ಎಡೆಯಿಲ್ಲ. ಆದರೆ ಹೊಣೆಗಾರಿಕೆ ಇದೆ. ಸೂರಃ ಅಲ್ ಮಾಊನ್ ಬಡವನಿಗೆ ಉಣಿಸುವಂತೆ ಪ್ರೇರೇಪಿಸದವನನ್ನು ಖಂಡಿಸುತ್ತದೆ. ಗಮನಿಸಿ, ಇಲ್ಲಿ ಹೇಳಿರುವುದು ಉಣಿಸುವ ಮಾತನ್ನಷ್ಟೇ ಅಲ್ಲ, ಉಣಿಸುವಂತೆ ಪ್ರೇರೇಪಿಸುವ ಮಾತನ್ನು. ತಾನೇ ಉಣಿಸಲು ಶಕ್ತಿಯಿಲ್ಲದ ಬಡವನೂ ಈ ಕರ್ತವ್ಯವನ್ನು ನೆರವೇರಿಸಬಲ್ಲ.

ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಿ, ಬೇಳೆ ಸಾಲುತ್ತಿದೆಯೇ, ನೀರು ಶುದ್ಧವಿದೆಯೇ, ಯಾವ ಮಗುವಾದರೂ ಹಸಿದು ಹಿಂದಿರುಗುತ್ತಿದೆಯೇ ಎಂದು ಕೇಳುವುದೂ ಆ ಪ್ರೇರಣೆಯ ಒಂದು ರೂಪವೇ. ಕೇಳುವಾಗ ನಮ್ಮ ಮಗುವಿನ ತಟ್ಟೆಯನ್ನಷ್ಟೇ ಅಲ್ಲ, ಅದರ ಪಕ್ಕದಲ್ಲಿ ಕುಳಿತ ಮಗುವಿನ ತಟ್ಟೆಯನ್ನೂ ನೋಡೋಣ. ಉಮರ್(ರ)ರವರ ಆಜ್ಞೆ ಆ ರಾತ್ರಿ ಅತ್ತ ಶಿಶುವಿಗೆ ಮಾತ್ರ ಸೀಮಿತವಾಗಿರಲಿಲ್ಲ.