ಶಾಲಾ ಸಮೂಹ: ಸಣ್ಣ ಶಾಲೆಗಳ ಕೂಡು ಆಡಳಿತದ ಇತಿಹಾಸ

ಒಂದು ಸೀಮೆಯ ಹಲವು ಸಣ್ಣ ಶಾಲೆಗಳು ತಮ್ಮ ತಮ್ಮ ಊರಲ್ಲೇ ಉಳಿದು, ಶಿಕ್ಷಕರು, ಹಣ, ಉಸ್ತುವಾರಿ ಇವುಗಳಲ್ಲಿ ಕೆಲವನ್ನು ಒಟ್ಟಾಗಿ ನಡೆಸಿಕೊಳ್ಳುವ ವ್ಯವಸ್ಥೆಯೇ ಶಾಲಾ ಸಮೂಹ. ಕರ್ನಾಟಕದ ಶಿಕ್ಷಕರ ಬಾಯಲ್ಲಿ ಇದು ‘ಕ್ಲಸ್ಟರ್’. ಹುಬ್ಬಳ್ಳಿಯಿಂದ ಗದಗಿನ ಕಡೆ ಹೋಗುವಾಗ ಸಿಗುವ ಎರಿಭೂಮಿಯ ಊರು ಶಿರಗುಪ್ಪಿ, ಹುಬ್ಬಳ್ಳಿ ತಾಲೂಕಿನ ಒಂದು ಹೋಬಳಿ ಕೇಂದ್ರ. ಇಂಥ ಹೋಬಳಿಯ ಹಳ್ಳಿಗಳಲ್ಲಿ ಕನ್ನಡ ಶಾಲೆಗಳನ್ನು ಯಾರು ಆಳಬೇಕು ಎಂಬ ಪ್ರಶ್ನೆಗೆ ಕಳೆದ ನೂರೈವತ್ತು ವರ್ಷಗಳಲ್ಲಿ ಮತ್ತೆ ಮತ್ತೆ ಹೊಸ ಉತ್ತರ ಬಂದಿದೆ. ಮುಂಬಯಿ ಕರ್ನಾಟಕಕ್ಕೆ ಸೇರಿದ್ದ ಈ ಸೀಮೆಯ ಅನುಭವ ಹಳೆ ಮೈಸೂರಿನ ಅನುಭವಕ್ಕಿಂತ ಬೇರೆ. ಆದ್ದರಿಂದ ಚರಿತ್ರೆಯನ್ನು ಇಲ್ಲಿಂದಲೇ ಹಿಡಿಯುವುದು ಲೇಸು.

1854ರ ವುಡ್ ವರದಿಯ ನಂತರ ಮುಂಬಯಿ ಪ್ರಾಂತದಲ್ಲಿ ಶಿಕ್ಷಣ ಇಲಾಖೆ ಹುಟ್ಟಿತು. ಧಾರವಾಡದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳನ್ನು ಕಟ್ಟಿದ್ದು ಇದೇ ಇಲಾಖೆಯ ಅಧಿಕಾರಿಯಾಗಿ. 1860ರ ದಶಕದಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯಂತೆ ಲೋಕಲ್ ಫಂಡ್ ಎತ್ತುವ ಪದ್ಧತಿ ಬಂತು. ಅದರ ಮೂರನೇ ಒಂದು ಪಾಲು ಶಾಲೆಗಳಿಗೆ. ಹಣ ಕೊಡುವವನು ರೈತ, ಖರ್ಚು ಮಾಡುವುದು ಇಲಾಖೆ. ಕೊಟ್ಟವನಿಗೂ ಮಾತಿನ ಹಕ್ಕು ಇರಲಿ ಎಂಬ ವಿಚಾರ ವೈಸರಾಯ್ ಲಾರ್ಡ್ ರಿಪ್ಪನ್ನನ ಕಾಲದಲ್ಲಿ ಬಲವಾಯಿತು. 1884ರ ಕಾಯ್ದೆಯಿಂದ ಜಿಲ್ಲಾ, ತಾಲೂಕು ಲೋಕಲ್ ಬೋರ್ಡುಗಳು ಬಂದವು.

ಶಾಲೆಗಳ ಕೂಡು ಆಡಳಿತ ನಿಜವಾಗಿ ಕೈಬದಲಾದದ್ದು 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆಯಿಂದ. ಪ್ರಾಥಮಿಕ ಶಾಲೆಗಳು ಇಲಾಖೆಯ ಕೈಯಿಂದ ಲೋಕಲ್ ಬೋರ್ಡುಗಳ, ನಗರಸಭೆಗಳ ಸ್ಕೂಲ್ ಬೋರ್ಡುಗಳಿಗೆ ಹೋದವು. ಹಳ್ಳಿಯ ಮಾಸ್ತರನ ನೇಮಕ, ವರ್ಗಾವಣೆ, ಪಗಾರ ಎಲ್ಲವೂ ಬೋರ್ಡಿನ ಅಂಗಳಕ್ಕೆ ಬಂದವು. ಶಾಲೆ ಎಷ್ಟೇ ಸಣ್ಣದಿರಲಿ, ಬೋರ್ಡಿನಲ್ಲಿ ಕೂತ ಸದಸ್ಯ ಅದೇ ಸೀಮೆಯವನು, ಆ ಊರಿನ ದಾರಿ ಬಲ್ಲವನು. ಇದು ಲಾಭ. ಮಾಸ್ತರನ ಬದುಕು ಸ್ಥಳೀಯ ರಾಜಕೀಯದ ಕೈಗೆ ಸಿಕ್ಕಿತು ಎಂಬುದು ನಷ್ಟ. 1929ರ ಹಾರ್ಟಾಗ್ ಸಮಿತಿ ಈ ಅಧಿಕಾರ ಹಂಚಿಕೆಯನ್ನೂ ಏಕೋಪಾಧ್ಯಾಯ ಶಾಲೆಗಳನ್ನೂ ಒಟ್ಟಿಗೆ ಟೀಕಿಸಿ, ಶಾಲೆಗಳ ಸಂಖ್ಯೆ ಹೆಚ್ಚಿಸುವುದಕ್ಕಿಂತ ಇದ್ದವನ್ನು ಗಟ್ಟಿ ಮಾಡುವುದು ಮುಖ್ಯವೆಂದಿತು. 1938ರ ತಿದ್ದುಪಡಿ ಸರಕಾರದ ಹಿಡಿತವನ್ನು ಮರಳಿ ಬಿಗಿ ಮಾಡಿತು. 1947ರ ಹೊಸ ಕಾಯ್ದೆ ಜಿಲ್ಲಾ ಸ್ಕೂಲ್ ಬೋರ್ಡುಗಳನ್ನು ಉಳಿಸಿಕೊಂಡರೂ ಆಡಳಿತಾಧಿಕಾರಿಯನ್ನು ಸರಕಾರವೇ ನೇಮಿಸಿತು. ಸಣ್ಣ ಶಾಲೆಯ ಬಗ್ಗೆ ಇಂದು ನಡೆಯುವ ವಾದದ ಎರಡು ಮುಖಗಳೂ ಹಾರ್ಟಾಗ್ ವರದಿಯ ಹೊತ್ತಿಗೇ ಸ್ಪಷ್ಟವಾಗಿದ್ದವು.

ಖಾಸಗಿ ಕ್ಷೇತ್ರದಲ್ಲಿ ಬೇರೆಯದೇ ಮಾದರಿ ಬೆಳೆಯಿತು. 1916ರಲ್ಲಿ ಬೆಳಗಾವಿಯಲ್ಲಿ ಶುರುವಾದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ಅಂದರೆ ಕೆಎಲ್ಇ, ಇದಕ್ಕೆ ದೊಡ್ಡ ಉದಾಹರಣೆ. ಸಪ್ತರ್ಷಿಗಳೆಂದು ಜನ ಕರೆಯುವ ಏಳು ಸಂಸ್ಥಾಪಕರು ಒಂದು ಹೈಸ್ಕೂಲಿನಿಂದ ಆರಂಭಿಸಿದರು. ಆಮೇಲೆ ಊರೂರಿಗೆ ಶಾಲೆ, ಕಾಲೇಜು ಹಬ್ಬಿದವು. 1947ರಲ್ಲಿ ಹುಬ್ಬಳ್ಳಿಗೆ ಭೂಮರಡ್ಡಿ ತಾಂತ್ರಿಕ ಕಾಲೇಜು ಬಂತು. ಶಾಲೆ ಹಲವಾದರೂ ಸಂಸ್ಥೆ ಒಂದೇ, ಆಡಳಿತ ಮಂಡಳಿ ಒಂದೇ, ಆಸ್ತಿಯ ಹಕ್ಕು ಒಂದೇ ಕಡೆ. ಒಂದು ಶಾಲೆ ಸೊರಗಿದರೆ ಇನ್ನೊಂದರ ಬಲ ಅದಕ್ಕೆ ಆಸರೆಯಾಗುತ್ತದೆ. ಆದರೆ ಒಂದು ಊರಿನ ಪಾಲಕರಿಗೆ ಆ ಮಂಡಳಿಯಲ್ಲಿ ದನಿ ಎಷ್ಟು ಎಂಬುದು ಸಂಸ್ಥೆಯ ನಿಯಮಾವಳಿಯನ್ನೇ ಅವಲಂಬಿಸಿದ ಮಾತು.

ಇಂಗ್ಲೆಂಡಿನಲ್ಲಿ 2010ರ ಅಕಾಡೆಮಿ ಕಾಯ್ದೆಯ ನಂತರ ಇದೇ ಪ್ರಶ್ನೆ ಸಣ್ಣ ಪ್ರಾಥಮಿಕ ಶಾಲೆಗಳ ಮುಂದೆ ಬಂತು. ಸ್ಥಳೀಯ ಆಡಳಿತದಿಂದ ಹೊರಬಂದ ಶಾಲೆಗಳಿಗೆ ಅಲ್ಲಿ ಮುಖ್ಯವಾಗಿ ಮೂರು ದಾರಿಗಳಿದ್ದವು. ಎಲ್ಲ ಶಾಲೆಗಳೂ ಒಂದೇ ಟ್ರಸ್ಟಿನೊಳಗೆ ಸೇರುವುದು ಮೊದಲನೆಯದು. ಪ್ರತಿ ಶಾಲೆಗೂ ತನ್ನದೇ ಟ್ರಸ್ಟ್ ಇದ್ದು ಮೇಲೊಂದು ಕೊಡೆ ಟ್ರಸ್ಟ್ ಇರುವುದು ಎರಡನೆಯದು. ಮೂರನೆಯದರಲ್ಲಿ ಬರೀ ಒಪ್ಪಂದ, ಆಡಳಿತ ಬೇರೆ ಬೇರೆ. ಕಾಲಕ್ರಮದಲ್ಲಿ ಮೊದಲನೆಯದೇ ಗೆದ್ದಿತು. ಹಣ ಮತ್ತು ಹೊಣೆ ಒಂದೇ ಕಡೆ ಇರುವ ವ್ಯವಸ್ಥೆಯತ್ತ ಸರಕಾರ ವಾಲಿದ್ದು ಅದಕ್ಕೆ ಕಾರಣ. ಶಾಲೆಯ ಮಟ್ಟದ ಸ್ಥಳೀಯ ಸಮಿತಿ ಉಳಿದರೂ ಅದರ ಅಧಿಕಾರ ಟ್ರಸ್ಟ್ ಕೊಟ್ಟಷ್ಟೇ.

ಭಾರತದಲ್ಲಿ ಶಾಲಾ ಸಮೂಹಕ್ಕೆ ಸ್ಪಷ್ಟ ರೂಪ ಕೊಟ್ಟದ್ದು 1964-66ರ ಕೊಠಾರಿ ಆಯೋಗ. ಒಂದು ಹಿರಿಯ ಪ್ರಾಥಮಿಕ ಶಾಲೆ ಸುತ್ತಲಿನ ಹತ್ತರಷ್ಟು ಕಿರಿಯ ಪ್ರಾಥಮಿಕ ಶಾಲೆಗಳಿಗೆ ಆಸರೆಯಾಗಬೇಕು. ಇಂಥ ಗುಂಪುಗಳಿಗೆ ಒಂದು ಪ್ರೌಢಶಾಲೆ ಹೆಗಲು ಕೊಡಬೇಕು. ಆ ಪ್ರೌಢಶಾಲೆಯ ಮುಖ್ಯಾಧ್ಯಾಪಕರ ಅಧ್ಯಕ್ಷತೆಯಲ್ಲಿ ಶಿಕ್ಷಕರ ಸಮಿತಿ ಕೂಡಿ ಯೋಜನೆ ಹಾಕಬೇಕು. ‘ಶಾಲಾ ಸಂಕೀರ್ಣ’ವೆಂದರೆ ಇದು. ಹಳ್ಳಿಯ ಮಾಸ್ತರನ ಒಂಟಿತನವನ್ನು ಆಡಳಿತದ ಸಮಸ್ಯೆಯೆಂದು ಗುರುತಿಸಿದ್ದು ಈ ಆಯೋಗದ ದೊಡ್ಡ ಕಾಣಿಕೆ.

ಧಾರವಾಡ ಜಿಲ್ಲೆಗೆ ಸಮೂಹ ಕಾಲಿಟ್ಟದ್ದು ಮೂರು ದಶಕ ತಡವಾಗಿ, ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ (ಡಿಪಿಇಪಿ) ಎರಡನೇ ಹಂತದಲ್ಲಿ, 1990ರ ದಶಕದ ಕೊನೆಯ ಹೊತ್ತಿಗೆ. ತಾಲೂಕಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅದರ ಕೆಳಗೆ ಸಮೂಹ ಸಂಪನ್ಮೂಲ ಕೇಂದ್ರಗಳು. ಸರ್ವ ಶಿಕ್ಷಾ ಅಭಿಯಾನದ ಲೆಕ್ಕದಲ್ಲಿ ಸರಾಸರಿ 18 ಶಾಲೆಗಳಿಗೆ ಒಂದು ಸಮೂಹ, ಅದಕ್ಕೊಬ್ಬ ಸಮೂಹ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ. ಕೇಂದ್ರ ಶಾಲೆಯಲ್ಲಿ ನಡೆಯುವ ಸಮಾಲೋಚನಾ ಸಭೆಯಲ್ಲಿ ಈ ವ್ಯವಸ್ಥೆಯ ಬಲವೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಸುತ್ತಲಿನ ಹಳ್ಳಿಗಳಿಂದ ಶಿಕ್ಷಕರು ಬಂದು ಕೂಡುತ್ತಾರೆ. ಒಬ್ಬರು ನಲಿ-ಕಲಿ ತರಗತಿಯಲ್ಲಿ ತಾವು ಮಾಡಿದ ಪಾಠ ತೋರಿಸುತ್ತಾರೆ, ಇನ್ನೊಬ್ಬರು ಭಿನ್ನರಾಶಿ ಕಲಿಸುವ ತೊಡಕನ್ನು ಎತ್ತುತ್ತಾರೆ. ಚರ್ಚೆ ಕಾವೇರುವ ಹೊತ್ತಿಗೆ ಮಾಹಿತಿ ತುಂಬುವ ನಮೂನೆಗಳು, ಪ್ರತಿಭಾ ಕಾರಂಜಿಯ ದಿನಾಂಕ, ಬಿಸಿಯೂಟದ ಅಂಕಿಸಂಖ್ಯೆ ಮುಂದೆ ಬರುತ್ತವೆ. ಏಕೋಪಾಧ್ಯಾಯ ಶಾಲೆಯ ಶಿಕ್ಷಕ ಸಭೆಗೆ ಬಂದ ದಿನ ಅವರ ಮಕ್ಕಳನ್ನು ನೋಡಿಕೊಳ್ಳಲು ಪಕ್ಕದ ಶಾಲೆಯಿಂದ ಯಾರಾದರೂ ನಿಯೋಜನೆ ಮೇಲೆ ಹೋಗಬೇಕು. ಅಂಥ ನಿಯೋಜನೆಯ ಆದೇಶ ಕೊಡುವ ಅಧಿಕಾರ ಸಿಆರ್‌ಪಿಗೆ ಇಲ್ಲ, ಅದು ಕ್ಷೇತ್ರ ಶಿಕ್ಷಣಾಧಿಕಾರಿಯದು. ಸಮೂಹಕ್ಕೆ ಒಬ್ಬ ಶ್ರಮಜೀವಿ ಸಿಕ್ಕಿದ್ದಾರೆ, ಸಮಿತಿ ಸಿಕ್ಕಿಲ್ಲ.

ಸಮಿತಿ ಹುಟ್ಟಿದ್ದು ಬೇರೆ ಕಡೆ. ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರ ಏಪ್ರಿಲ್‌ನಲ್ಲಿ ರಾಜ್ಯ ಸರಕಾರ ಪ್ರತಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ರಚಿಸಿತು. ಎಸ್‌ಡಿಎಂಸಿ ಎಂದೇ ಹಳ್ಳಿಯಲ್ಲಿ ಅದರ ಹೆಸರು. ಮಕ್ಕಳ ತಂದೆತಾಯಿಯೇ ಆರಿಸಿ ಕಳಿಸುವ ಸದಸ್ಯರು, ಅವರಲ್ಲೊಬ್ಬರು ಅಧ್ಯಕ್ಷರು. ದೇಶಕ್ಕೆಲ್ಲ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. ಅದರ 21ನೇ ಕಲಮು ಸಮಿತಿಯ ಮುಕ್ಕಾಲು ಭಾಗ ಪಾಲಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದಿತು. ಅದಕ್ಕೆ ಎಂಟು ವರ್ಷ ಮೊದಲೇ ಕರ್ನಾಟಕ ಪಾಲಕರ ಕೈಗೆ ಈ ಅಧಿಕಾರ ಕೊಟ್ಟದ್ದು ಹೆಮ್ಮೆಯ ಮಾತು.

ಆದರೆ ಸಣ್ಣ ಶಾಲೆಯ ಎಸ್‌ಡಿಎಂಸಿ ಕೈಗೆ ಬರುವ ಹಣ ಅತಿ ಸಣ್ಣದು. ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಶಾಲಾ ಅನುದಾನ ಮಕ್ಕಳ ಸಂಖ್ಯೆಯನ್ನು ನೋಡಿ ನಿಗದಿಯಾಗುತ್ತದೆ: 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ಸುಣ್ಣಬಣ್ಣ, ನೀರಿನ ಟಾಕಿ, ಶೌಚಾಲಯದ ಬಾಗಿಲು ಎಲ್ಲವೂ ಅದರಲ್ಲೇ ಆಗಬೇಕು. ಅಕ್ಕಪಕ್ಕದ ಐದು ಶಾಲೆಗಳು ಹಣ ಕೂಡಿಸಿ ಒಬ್ಬ ಚಿತ್ರಕಲಾ ಶಿಕ್ಷಕರನ್ನೋ ಒಂದು ಸಂಚಾರಿ ಗ್ರಂಥಾಲಯವನ್ನೋ ಇಟ್ಟುಕೊಳ್ಳುತ್ತೇವೆ ಎಂದರೆ ಅದಕ್ಕೆ ಖಾತೆಯೇ ಇಲ್ಲ. ಹಣ ಇರುವುದು ಒಂದೊಂದು ಶಾಲೆಯ ಮುಖ್ಯ ಶಿಕ್ಷಕರ ಮತ್ತು ಎಸ್‌ಡಿಎಂಸಿ ಅಧ್ಯಕ್ಷರ ಜಂಟಿ ಖಾತೆಯಲ್ಲಿ. ಊಟದ ವಿಷಯದಲ್ಲಿ ಮಾತ್ರ ಕೂಡುವಿಕೆ ಸಾಧ್ಯವಾಗಿದೆ. ಹುಬ್ಬಳ್ಳಿಯಲ್ಲಿ ಅಕ್ಷಯ ಪಾತ್ರ ಸಂಸ್ಥೆಯ ಒಂದೇ ಅಡುಗೆಮನೆಯಿಂದ ಹಲವು ಶಾಲೆಗಳಿಗೆ ಬಿಸಿಯೂಟ ಹೋಗುತ್ತದೆ.

2018ರ ನಂತರ ಬಂದ ಕರ್ನಾಟಕ ಪಬ್ಲಿಕ್ ಶಾಲೆಗಳು ಕೂಡುವಿಕೆಯನ್ನು ಬೇರೆ ರೀತಿಯಲ್ಲಿ ಅರ್ಥ ಮಾಡಿಕೊಂಡವು. ಮೊದಲ ಸುತ್ತಿನಲ್ಲಿ 176 ಕಡೆ ಒಂದನೇ ತರಗತಿಯಿಂದ ಪಿಯುಸಿವರೆಗೆ ಒಂದೇ ಸೂರಿನಡಿ ತರಲಾಯಿತು. ಹೋಬಳಿಗೊಂದು ಇಂಥ ಶಾಲೆ ಎಂಬುದು ಆಗಿನ ಗುರಿಯಾಗಿತ್ತು. ಕಟ್ಟಡ, ಶಿಕ್ಷಕರು, ಇಂಗ್ಲಿಷ್ ಮಾಧ್ಯಮ ಇವೆಲ್ಲ ಪಾಲಕರನ್ನು ಸೆಳೆದಿವೆ. ಆಡಳಿತದಲ್ಲಿ ಮಾತ್ರ ಎರಡು ಪರಂಪರೆಗಳು ಇಲ್ಲಿ ಎದುರಾಗುತ್ತವೆ: ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಗೆ ಪಾಲಕರು ಅಧ್ಯಕ್ಷರು, ಪದವಿಪೂರ್ವ ಕಾಲೇಜಿನ ಅಭಿವೃದ್ಧಿ ಸಮಿತಿಗೆ ಶಾಸಕರು. 2025-26ರ ಬಜೆಟ್‌ನಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಇನ್ನೂ 500 ಶಾಲೆಗಳ ಘೋಷಣೆಯಾಯಿತು. ಸುತ್ತಲಿನ ಸಣ್ಣ ಶಾಲೆಗಳು ಇವುಗಳಲ್ಲಿ ಕರಗಿಹೋಗುತ್ತವೆ ಎಂದು ವಿದ್ಯಾರ್ಥಿ ಸಂಘಟನೆಗಳು ಬೀದಿಗಿಳಿದವು. ಒಂದನೇ ತರಗತಿಯ ಮಗುವಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕೆನ್ನುವ ನಿಯಮದ ಮುಂದೆ ಈ ಆತಂಕವನ್ನು ತಳ್ಳಿಹಾಕುವಂತಿಲ್ಲ. ಎರಿಭೂಮಿಯ ಮಳೆಗಾಲದ ದಾರಿಯಲ್ಲಿ ಆರು ವರ್ಷದ ಮಗು ಎಷ್ಟು ದೂರ ನಡೆದೀತು?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೊಠಾರಿ ಆಯೋಗದ ಸಂಕೀರ್ಣವನ್ನು ಮತ್ತೆ ಎತ್ತಿತು. ದೇಶದ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಶೇ. 28ರಷ್ಟರಲ್ಲಿ 30ಕ್ಕಿಂತ ಕಡಿಮೆ ಮಕ್ಕಳಿದ್ದಾರೆ, 1,08,017 ಏಕೋಪಾಧ್ಯಾಯ ಶಾಲೆಗಳಿವೆ ಎಂಬ 2016-17ರ ಅಂಕಿಗಳು ಅದರ ಆಧಾರ. ಐದರಿಂದ ಹತ್ತು ಕಿಲೋಮೀಟರ್ ತ್ರಿಜ್ಯದೊಳಗಿನ ಶಾಲೆಗಳಿಗೆ ಒಂದು ಸಂಕೀರ್ಣ, ಅದಕ್ಕೆ ತನ್ನದೇ ಆಡಳಿತ ಸಮಿತಿ ಎಂದು ಅದು ಸೂಚಿಸಿತು. ಕರ್ನಾಟಕ 2023ರಲ್ಲಿ ಈ ನೀತಿಯಿಂದ ಹಿಂದೆ ಸರಿದು ಸುಖದೇವ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯದ್ದೇ ಆಯೋಗ ನೇಮಿಸಿತು. ನೀತಿಯ ಬಗ್ಗೆ ಭಿನ್ನಮತ ಏನೇ ಇರಲಿ, ಸಮೂಹಕ್ಕೊಂದು ಸಮಿತಿ ಎಂಬ ಮಾತನ್ನು ಬಿಟ್ಟುಕೊಡಬಾರದು.

ಸ್ಕೂಲ್ ಬೋರ್ಡಿನಲ್ಲಿ ಅಧಿಕಾರವಿತ್ತು, ಪಾಲಕರಿಗೆ ಸ್ಥಾನವಿರಲಿಲ್ಲ. ಎಸ್‌ಡಿಎಂಸಿಯಲ್ಲಿ ಪಾಲಕರಿದ್ದಾರೆ, ಸೀಮೆಯ ನೋಟವಿಲ್ಲ. ಕ್ಲಸ್ಟರಿಗೆ ಸೀಮೆ ಇದೆ, ಹಣವೂ ಅಧಿಕಾರವೂ ಇಲ್ಲ. ಈ ಮೂರನ್ನೂ ಕೂಡಿಸುವ ಸಮೂಹ ಸಮಿತಿಗೆ ಗ್ರಾಮ ಪಂಚಾಯಿತಿಯ ವ್ಯಾಪ್ತಿಯೇ ಸಹಜವಾದ ಅಳತೆ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಅಲ್ಲೇ ನಡೆಯುತ್ತದೆ, ಶಾಲೆಯ ಕಂಪೌಂಡು, ನೀರು, ದಾರಿಯ ಕೆಲಸಗಳೂ ಅಲ್ಲಿಂದಲೇ ಆಗಬೇಕು. ಒಂದು ಪಂಚಾಯಿತಿಯ ಎಲ್ಲ ಎಸ್‌ಡಿಎಂಸಿ ಅಧ್ಯಕ್ಷರು, ಮುಖ್ಯ ಶಿಕ್ಷಕರು ಮೂರು ತಿಂಗಳಿಗೊಮ್ಮೆ ಕೂಡಿ ತಮ್ಮ ಶಾಲೆಗಳ ಕೊರತೆಯನ್ನು ಒಂದೇ ಪಟ್ಟಿಯಲ್ಲಿ ಬರೆಯಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಶಿರಗುಪ್ಪಿ ಹೋಬಳಿಯ ಪಾಲಕರು ಈ ಕೆಲಸವನ್ನು ಬರುವ ಶೈಕ್ಷಣಿಕ ವರ್ಷದಲ್ಲೇ ಆರಂಭಿಸಬಹುದು.