ಕ್ರಮಾಗತ ಸ್ನಾಯು ಸಡಿಲಿಕೆ

ದೇಹದ ಸ್ನಾಯುಗಳನ್ನು ಗುಂಪುಗುಂಪಾಗಿ ಬಿಗಿಹಿಡಿದು ಸಡಿಲಬಿಡುವ ಮೂಲಕ ಆತಂಕ ತಗ್ಗಿಸುವ ವಿಧಾನ. ಮಕ್ಕಳ ಮನೋಚಿಕಿತ್ಸೆಯಲ್ಲೂ ಶಾಲಾ ಆಪ್ತಸಮಾಲೋಚನೆಯಲ್ಲೂ ಬಳಕೆಯಲ್ಲಿದೆ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ (1888–1983) ಇದನ್ನು ರೂಪಿಸಿ, 1929ರಲ್ಲಿ ‘ಪ್ರೋಗ್ರೆಸಿವ್ ರಿಲ್ಯಾಕ್ಸೇಶನ್’ ಗ್ರಂಥದಲ್ಲಿ ವಿವರಿಸಿದ. ಜೋಸೆಫ್ ವೋಲ್ಪೆ 1950ರ ದಶಕದಲ್ಲಿ ಈ ದೀರ್ಘ ತರಬೇತಿಯನ್ನು ಸಂಕ್ಷೇಪಿಸಿ ಭಯನಿವಾರಣಾ ಚಿಕಿತ್ಸೆಗೆ ಅಳವಡಿಸಿದ. 1974ರಲ್ಲಿ ಎ. ಎಸ್. ಕೆಪೆನ್ ಪ್ರಕಟಿಸಿದ ಮಕ್ಕಳ ರೂಪದಲ್ಲಿ ಕಲ್ಪನೆಯ ಆಟ ಸೇರಿದೆ: ನಿಂಬೆಹಣ್ಣು ಹಿಂಡುವಂತೆ ಮುಷ್ಟಿ ಬಿಗಿಯುವುದು, ಚಿಪ್ಪಿನೊಳಗೆ ಸೇರುವ ಆಮೆಯಂತೆ ಹೆಗಲನ್ನು ಮೇಲೆತ್ತುವುದು, ನೊಣ ಓಡಿಸಲು ಮೂಗು ಸುಕ್ಕಿಸುವುದು. ಪ್ರತಿ ಬಿಗಿತ ಕೆಲವೇ ಸೆಕೆಂಡುಗಳದು. ಸಡಿಲಿಕೆಯೊಂದಿಗೆ ನಿಧಾನ ಉಸಿರಾಟವನ್ನು ಜೋಡಿಸುವುದುಂಟು. ಬಿಗಿತ, ಸಡಿಲಿಕೆಗಳ ವ್ಯತ್ಯಾಸ ಗುರುತಿಸಲು ಕಲಿತ ಮಗು ಪರೀಕ್ಷೆ, ಚುಚ್ಚುಮದ್ದು, ಮಲಗುವ ಹೊತ್ತುಗಳಲ್ಲಿ ಇದನ್ನು ತಾನೇ ಪ್ರಯೋಗಿಸಬಲ್ಲದು. ಔಷಧ, ಉಪಕರಣಗಳ ಅಗತ್ಯವಿಲ್ಲ. ತೀವ್ರ ಆತಂಕದಲ್ಲಿ ತಜ್ಞ ಚಿಕಿತ್ಸೆಗೆ ಪೂರಕವೇ ಹೊರತು ಬದಲಿಯಲ್ಲ.