ಕಿವಿಗಿಂತ ಮೊದಲು ಕಣ್ಣು: ಕೊಯಮತ್ತೂರು–ತಿರುಪ್ಪೂರು ಮದುವೆಗಳಲ್ಲಿ ಮೈಕ್ ಸೆಟ್ಟಿನಿಂದ ಡಿಜೆವರೆಗೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ನನ್ನ ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೀನಿ.

ಪರದೆ ಮೇಲೆ ಕಾಣ್ತಿರೋ ಫೋಟೋ ನಮ್ಮ ದೊಡ್ಡಪ್ಪನ ಮದುವೆಯದು. 1970ರ ದಶಕ, ನೆಗಮಂ ಹತ್ತಿರದ ಒಂದು ಮನೆಯಂಗಳ. ನಾವು ಕನ್ನಡ ಮಾತಾಡುವ ದೇವಾಂಗರು, ನೇಕಾರರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಫೋಟೋದಲ್ಲಿ ಎಲ್ಲರೂ ಕ್ಯಾಮೆರಾ ನೋಡ್ತಿದ್ದಾರೆ, ಒಬ್ಬನನ್ನು ಬಿಟ್ಟು. ಹಿಂದೆ ತೆಂಗಿನಮರ, ಮರಕ್ಕೆ ಕಟ್ಟಿದ ಹಾರ್ನ್, ಕೆಳಗೆ ಬೆಂಚಿನ ಮೇಲೆ ಆಂಪ್ಲಿಫೈಯರ್ ಮತ್ತು ರೆಕಾರ್ಡ್ ಪ್ಲೇಯರ್. ಅದರ ಪಕ್ಕ ಕೂತ ಹುಡುಗ ತಿರುಗುವ ತಟ್ಟೆಯನ್ನೇ ನೋಡ್ತಿದ್ದಾನೆ. ಅವನು ನೆಂಟನಲ್ಲ, ಸೆಟ್ಟಿನವನು.

ನನ್ನ ವಾದವನ್ನು ಮೊದಲೇ ಹೇಳಿಬಿಡ್ತೀನಿ. ಈ ಎರಡು ಜಿಲ್ಲೆಗಳಲ್ಲಿ ಮದುವೆಯ ಧ್ವನಿಯಂತ್ರವನ್ನು ಜನ ಮೊದಲಿಂದಲೂ ಕಣ್ಣಿಂದಲೇ ಅಳೆದಿದ್ದಾರೆ. ಹಾಗಾಗಿ ಡಿಜೆ ಬಂದ ಮೇಲೆ ತೋರಿಕೆ ಶುರುವಾಯ್ತು ಅನ್ನೋದು ತಪ್ಪು. ಬದಲಾದದ್ದು ಎರಡು: ಯಾವುದನ್ನು ತೋರಿಸ್ತಾರೆ, ಯಾರಿಗೆ ತೋರಿಸ್ತಾರೆ.

1. ಯಂತ್ರವೇ ನೋಟವಾಗಿದ್ದ ಕಾಲ

ಹೊತ್ತು ತಿರುಗುವ ಯಂತ್ರದ ಕಥೆ ಕೊಯಮತ್ತೂರಿಗೆ ಹಳೆಯದು. ತಿರುಚಿರಾಪಳ್ಳಿಯಲ್ಲಿ ರೈಲ್ವೆ ನೌಕರನಾಗಿದ್ದ ಸಾಮಿಕಣ್ಣು ವಿನ್ಸೆಂಟ್ 1905ರಲ್ಲಿ ಡುಪಾಂಟ್ ಎಂಬ ಫ್ರೆಂಚ್ ಪ್ರಜೆಯಿಂದ ಸಿನಿಮಾ ಯಂತ್ರ ಕೊಂಡು ಊರೂರಿಗೆ ಡೇರೆ ಹಾಕಿ ಚಿತ್ರ ತೋರಿಸಿದರು. 1914ರಲ್ಲಿ ಕೊಯಮತ್ತೂರಲ್ಲಿ ವೆರೈಟಿ ಹಾಲ್ ಕಟ್ಟಿದರು. 1932ರಲ್ಲಿ ನೀಲಗಿರಿಯ ಪೈಕಾರಾದಿಂದ ಜಲವಿದ್ಯುತ್ ಬಂತು, ಗಿರಣಿಗಳು ಹೆಚ್ಚಿದವು. ಮೋಟರು, ತಂತಿ, ರಿಪೇರಿ ಗೊತ್ತಿದ್ದ ಕೈಗಳು ಇಲ್ಲಿ ಬೇಕಾದಷ್ಟಿದ್ದವು. ಮೈಕ್ ಸೆಟ್ ಬಾಡಿಗೆಗೆ ಕೊಡೋ ಅಂಗಡಿಗಳಿಗೆ ಇದು ಒಳ್ಳೆ ನೆಲ.

ನಮ್ಮ ಕಡೆ ಇದಕ್ಕೆ ‘ರೇಡಿಯೋ ಸೆಟ್’ ಅಂತಲೂ ಹೆಸರು, ರೇಡಿಯೋ ಇಲ್ಲದಿದ್ದರೂ. ಯಂತ್ರದ ಗುಣವನ್ನು ಸ್ವಲ್ಪ ಗಮನಿಸಬೇಕು. ಹಾರ್ನ್ ಸ್ಪೀಕರ್ ಕಡಿಮೆ ವಿದ್ಯುತ್ತಲ್ಲಿ ದೂರ ಕೂಗುತ್ತೆ, ಆದರೆ ತಗ್ಗು ಸ್ವರ ಅದಕ್ಕೆ ಒಲಿಯಲ್ಲ. ಅದಕ್ಕೇ ಆ ಹಾಡುಗಳೆಲ್ಲ ನಮ್ಮ ನೆನಪಲ್ಲಿ ಮೂಗಿನಲ್ಲಿ ಹಾಡಿದ ಹಾಗಿವೆ. ಹನ್ನೆರಡು ವೋಲ್ಟ್ ಬ್ಯಾಟರಿಯಲ್ಲೂ ನಡೆಯುವ ಆಂಪ್ಲಿಫೈಯರ್‌ಗಳಿದ್ದವು, ಕರೆಂಟ್ ಇಲ್ಲದ ತೋಟಕ್ಕೂ ಹೋಗುತ್ತಿದ್ದವು. 78 ಸುತ್ತಿನ ತಟ್ಟೆಯ ಒಂದು ಮಗ್ಗುಲು ಸುಮಾರು 3 ನಿಮಿಷ. ಅಂದರೆ ಗಂಟೆಗೆ 20 ಸಲ ತಟ್ಟೆ ಮುಟ್ಟಬೇಕು. ಆಪರೇಟರ್ ಎದ್ದು ಹೋಗೋ ಹಾಗೇ ಇಲ್ಲ. ಎಲ್‌ಪಿ ಬಂತು, 1980ರ ಸುಮಾರಿಗೆ ಕ್ಯಾಸೆಟ್ ಬಂತು. ಆಮೇಲಷ್ಟೇ ಅವನಿಗೆ ಪಂಕ್ತಿಯಲ್ಲಿ ಕೂತು ಉಣ್ಣೋಕೆ ಬಿಡುವು ಸಿಕ್ಕಿದ್ದು.

ಅತಿಥಿಗೆ ಕಾಣ್ತಿದ್ದದ್ದು ಏನು? ಮರದ ಮೇಲಿನ ಹಾರ್ನ್, ನೇತಾಡುವ ವೈರು, ಸುತ್ತುವ ತಟ್ಟೆ, ಮಿಣುಕುವ ಸೀರಿಯಲ್ ಲೈಟು. ಯಾವುದನ್ನೂ ಮುಚ್ಚುತ್ತಿರಲಿಲ್ಲ. ನಾನು ಮಾತಾಡಿಸಿದ ಉಡುಮಲೈ ಕಡೆಯ ಹಿರಿಯ ಸೆಟ್ಟಿನವರೊಬ್ಬರು ಹೇಳಿದ್ದು: “ಒಂದೇ ಹಾರ್ನ್ ಸಾಕಾಗುವ ಮನೆಗೂ ಎರಡು ಕಟ್ಟು ಅನ್ನೋರು. ಎರಡನೇದಕ್ಕೆ ಕನೆಕ್ಷನ್ ಕೊಡದಿದ್ರೂ ಯಾರೂ ಕೇಳ್ತಿರಲಿಲ್ಲ.” ತೋರಿಕೆ ಆಗಲೂ ಇತ್ತು ಅಂದೆನಲ್ಲ, ಅದಕ್ಕೆ ಈ ಮಾತೇ ಸಾಕ್ಷಿ.

ಹಾಡಿನ ಕ್ರಮಕ್ಕೂ ಒಂದು ಕಟ್ಟಳೆ. ಬೆಳಗಿನ ಜಾವ ಭಕ್ತಿಗೀತೆ. ತಾಳಿ ಕಟ್ಟಿದ ಮೇಲೆ ‘ಪಾಸಮಲರ್’ (1961), ‘ಶಾರದಾ’ (1962) ಚಿತ್ರಗಳ ಮದುವೆ ಹಾಡು. ಊಟದ ಹೊತ್ತಿಗೆ ‘ತಿರುವಿಳೈಯಾಡಲ್’ (1965) ಸಂಭಾಷಣೆ. ಪಾಲ್ ಗ್ರೀನ್ 1999ರಲ್ಲಿ ಬರೆದ ಲೇಖನದಲ್ಲಿ ತಮಿಳು ಹಳ್ಳಿಯಲ್ಲಿ ಕ್ಯಾಸೆಟ್ ಹಾಕುವುದನ್ನೇ ಒಂದು ಪ್ರದರ್ಶನ ಕಲೆಯಾಗಿ ನೋಡ್ತಾರೆ. ನನಗೆ ಅದು ಒಪ್ಪಿಗೆ. ನಾನು ಸೇರಿಸೋದು ಇಷ್ಟೇ: ಆ ಕಲಾವಿದ ಜನರ ಕಣ್ಣೆದುರಿಗೇ ಕೂತಿರುತ್ತಿದ್ದ.

2. ಹಾರ್ನ್ ಯಾವ ಕಡೆಗೆ ತಿರುಗಿತ್ತು?

ಹಾರ್ನ್ ಮನೆಯೊಳಗೆ ನೋಡ್ತಿರಲಿಲ್ಲ, ಊರಿನ ಕಡೆ ನೋಡ್ತಿತ್ತು. ಹಾಡು ಮದುಮಕ್ಕಳಿಗಿಂತ ಹೆಚ್ಚಾಗಿ ದಾರಿಹೋಕರಿಗೆ, ಬೇರೆ ಬೀದಿಯವರಿಗೆ. ಇಲ್ಲಿ ನಾವು ಹಳೆಯದನ್ನು ಸುಮ್ಮನೆ ಹೊಗಳೋ ಹಾಗಿಲ್ಲ. ಅಂಗಳದ ಪಂಕ್ತಿಗೆ ಕರೆಯದ ಕೇರಿಗೂ ಹಾಡು ತಲುಪುತ್ತಿತ್ತು. ಸದ್ದಿಗೆ ಇಲ್ಲದ ಮಡಿಮೈಲಿಗೆ ಎಲೆಗೆ ಇತ್ತು. ಆ ಕಡೆಯವರಿಗೆ ಅದು ಕರೆಯೋ, ನಿಮ್ಮನ್ನು ಕರೆದಿಲ್ಲ ಅನ್ನೋ ಜ್ಞಾಪನೆಯೋ? ನಮ್ಮ ಮನೆಯ ಆಲ್ಬಮ್ ಈ ಪ್ರಶ್ನೆಗೆ ಉತ್ತರ ಕೊಡಲ್ಲ, ಅಲ್ಲಿರೋದು ಅಂಗಳದೊಳಗಿನವರ ಮುಖಗಳಷ್ಟೇ.

ಇನ್ನೊಂದು ಮಾತು, ನಮ್ಮ ಭಾಷೆಯದು. ಹಸೆಗೆ ಕೂರಿಸುವಾಗ ನಮ್ಮಜ್ಜಿ, ಅವರ ವಾರಗಿತ್ತಿಯರು ಕನ್ನಡದಲ್ಲಿ ಹಾಡುತ್ತಿದ್ದರು. ಅಂಗಳದಲ್ಲಿ ತಮಿಳು ಸಿನಿಮಾ ಹಾಡು ಮೊಳಗುವಾಗ ಒಳಗಿನ ಹಾಡು ಬಾಗಿಲವರೆಗೂ ಬರುತ್ತಿರಲಿಲ್ಲ. ಮೈಕು ಬಂದ ದಿನದಿಂದ ನಮ್ಮ ಮನೆಯ ಕನ್ನಡ ಮೈಕಿಲ್ಲದ ಭಾಷೆಯಾಯ್ತು.

3. ಸದ್ದು ಒಳಗೆ ತಿರುಗಿತು

ಹಾರ್ನ್ ಇಳಿಯೋಕೆ ಎರಡು ಕಾರಣ. ಒಂದು, ಮದುವೆ ಅಂಗಳದಿಂದ ಕಲ್ಯಾಣ ಮಂಟಪಕ್ಕೆ ಹೋಯ್ತು. ಇನ್ನೊಂದು, ಕಾನೂನು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬೇಡ ಅಂದವು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿದವು. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಇದನ್ನು ಗಟ್ಟಿ ಮಾಡಿತು. ತಮಿಳುನಾಡಿನಲ್ಲಿ ವಿನಾಯಕ ಚತುರ್ಥಿಯಂಥ ಹಬ್ಬಕ್ಕೆ ಪೊಲೀಸರು ಹಾಕುವ ಷರತ್ತು ನೋಡಿ: ಶಂಕುವಿನಾಕಾರದ ಸ್ಪೀಕರ್ ಬೇಡ, ಪೆಟ್ಟಿಗೆ ಮಾದರಿಯದು ಇರಲಿ ಅಂತಾರೆ. ಅಂದರೆ ಸರ್ಕಾರವೂ ಸದ್ದನ್ನು ಆಕಾರ ನೋಡಿಯೇ ಗುರುತಿಸುತ್ತೆ!

ಮಂಟಪಕ್ಕೆ ಬಂದದ್ದು ಪೆಟ್ಟಿಗೆಗಳು. ಹದಿನೈದು ಇಂಚಿನ ಟಾಪ್, ಹದಿನೆಂಟು ಇಂಚಿನ ಬೇಸ್. ಈಗ ಹಾಡಿನ ತಗ್ಗು ಸ್ವರ ಎದೆಗೆ ತಾಗುತ್ತೆ. ಆಂಪ್ಲಿಫೈಯರ್ ಪೆಟ್ಟಿಗೆಯೊಳಗೇ ಸೇರಿತು. ಹಾಡು ಲ್ಯಾಪ್‌ಟಾಪಿಗೆ ಹೋಯ್ತು. ಡಿಜೆ ಮುಂದಿರೋ ಕಂಟ್ರೋಲರ್ ಶಾಲೆ ಚೀಲದಲ್ಲಿ ಹಿಡಿಯುತ್ತೆ. ಇದೇ ಒಂದು ಸಂಕಟ: ಇಷ್ಟು ಚಿಕ್ಕದಕ್ಕೆ ಇಷ್ಟು ಬಾಡಿಗೆ ಯಾಕೆ ಅಂತ ಯಜಮಾನರು ಕೇಳದೆ ಇರ್ತಾರಾ?

ಅದಕ್ಕೆ ಉತ್ತರವಾಗಿ ಬಂದದ್ದು ಮುಂಭಾಗದ ಎಲ್‌ಇಡಿ ಬೋರ್ಡು, ಅದರ ಮೇಲೆ ಓಡುವ ಮದುಮಕ್ಕಳ ಹೆಸರು. ಅಲ್ಯೂಮಿನಿಯಂ ಟ್ರಸ್, ಪಾರ್ ಲೈಟ್, ಎಲ್ಲ ಕಂಪನಿಯದಕ್ಕೂ ‘ಶಾರ್ಪಿ’ ಅಂತಲೇ ಕರೆಯುವ ಬೀಮ್ ಲೈಟ್, ನೆಲದ ಮೇಲೆ ಮೋಡ ಹರಡುವ ಹೊಗೆ. ಟ್ರಸ್ಸಿನ ಕಾಲಿಗೆ, ಸ್ಪೀಕರ್ ಸ್ಟ್ಯಾಂಡಿಗೆ ಬಿಳಿ ಬಟ್ಟೆಯ ಗವಸು. ಕಾರಣ, ಹೂವಿನ ಮಂಟಪದ ಪಕ್ಕ ಕರೀ ಕಾಲು ಕಂಡರೆ ಫೋಟೋದವರು ಬಯ್ತಾರೆ. ವೈರು ಕಂಡರೆ ‘ನೀಟಾಗಿಲ್ಲ’. ಒಂದು ಕಾಲದಲ್ಲಿ ವೈರು ಎಷ್ಟು ಉದ್ದವೋ ಮದುವೆ ಅಷ್ಟು ದೊಡ್ಡದು! ಯಂತ್ರ ಸಣ್ಣದಾದಷ್ಟೂ ಅದರ ಹೊದಿಕೆ ದೊಡ್ಡದಾಯ್ತು. ನೋಡೋರು ಕರೆದವರು ಮಾತ್ರ, ಜತೆಗೆ ಕ್ಯಾಮೆರಾ.

4. ನಮ್ಮ ಮನೆಯ ಒಂದು ಪ್ರಸಂಗ

ಇದನ್ನು ಸಂಶೋಧಕನಾಗಿ ಹೊರಗೆ ನಿಂತು ಹೇಳ್ತಿಲ್ಲ. ಅಕ್ಕನ ಮದುವೆಗೆ ಸೆಟ್ ಗೊತ್ತು ಮಾಡೋ ಕೆಲಸ ನನ್ನದಾಗಿತ್ತು. ಇಬ್ಬರನ್ನು ವಿಚಾರಿಸಿದೆ. ಮೊದಲನೆಯವರ ಪೆಟ್ಟಿಗೆಗಳ ಮೂಲೆ ಸವೆದಿತ್ತು, ಮೇಜಿಗೆ ಬರೀ ಕರೀ ಬಟ್ಟೆ. ಆದರೆ “ಎಷ್ಟು ಜನ ಹಾಡ್ತಾರೆ, ಎಷ್ಟು ಮೈಕ್ ಬೇಕು?” ಅಂತ ಅವರೇ ಕೇಳಿದ್ದರು. ಎರಡನೆಯವರು ಮೊಬೈಲಲ್ಲಿ ವಿಡಿಯೋ ತೋರಿಸಿದರು. ಅಪ್ಪ ನೋಡಿ, “ಇದೇ ಇರ್ಲಿ ಮಗಾ, ನಾಲ್ಕು ಜನ ನೋಡ್ತಾರೆ” ಅಂದರು. ನಾನೂ ಹೂಂ ಅಂದೆ.

ನಾನು ಅಜ್ಜಿಗೆ ಒಂದು ಮಾತು ಕೊಟ್ಟಿದ್ದೆ: ಈ ಸಲ ನೀನು ಮೈಕಲ್ಲಿ ಹಾಡು. ಹಸೆಯ ಹೊತ್ತಿಗೆ ವೈರ್‌ಲೆಸ್ ಮೈಕಿನ ಬ್ಯಾಟರಿ ಸತ್ತಿತ್ತು. ಬೇರೆ ವೈರ್ ಮೈಕ್ ತಂದೇ ಇರಲಿಲ್ಲ. ವೈರು ಕಾಣಬಾರದಲ್ಲ! ಬೋರ್ಡಿನ ಮೇಲೆ ಅಕ್ಕನ ಹೆಸರು ಹೊಳೆಯುತ್ತಲೇ ಇತ್ತು. ಅಜ್ಜಿ ಬರಿಗಂಟಲಲ್ಲಿ ಹಾಡಿದರು, ಸುತ್ತ ಕೂತ ಏಳೆಂಟು ಹೆಂಗಸರಿಗೆ ಕೇಳಿಸಿತು. “ಬಿಡು ಮಗಾ, ಯಾವಾಗ್ಲೂ ಹಿಂಗೇ ಅಲ್ವಾ ಹಾಡಿದ್ದು” ಅಂದರು. ಸಮಾಧಾನಕ್ಕೆ ಅಂದದ್ದು, ಆದರೆ ಇತಿಹಾಸದ ವಿದ್ಯಾರ್ಥಿಗೆ ಅದು ಚುಚ್ಚಿತು. ಅರ್ಧ ಶತಮಾನದಲ್ಲಿ ಯಂತ್ರ ನಾಲ್ಕು ಸಲ ಬದಲಾಗಿತ್ತು, ಅವರ ಜಾಗ ಒಂದು ಸಲವೂ ಬದಲಾಗಿರಲಿಲ್ಲ.

ಸಂವಾದದಿಂದ

ಪ್ರಶ್ನೆ: ನೋಟಕ್ಕೆ ಬೆಲೆ ಕೊಡೋದು ತಪ್ಪು ಅಂತೀರಾ?

ಉತ್ತರ: ಇಲ್ಲ. ಮದುವೆಯೇ ನೋಡೋ ಸಂಗತಿ. ತವಿಲು, ಜಮಾಪು ಬಾರಿಸೋರೂ ಅಲಂಕಾರ ಮಾಡ್ಕೊಂಡೇ ಬರ್ತಾರೆ. ತೋರಿಕೆಯ ಪಟ್ಟಿಯಲ್ಲಿ ಏನು ಬಿಟ್ಟುಹೋಯ್ತು ಅನ್ನೋದಷ್ಟೇ ನನ್ನ ಪ್ರಶ್ನೆ. ಒಂದು ವೈರ್ ಮೈಕ್ ಹೆಚ್ಚಿಗೆ ಇಟ್ಟರೆ ಫೋಟೋ ಕೆಡಲ್ಲ.

ಪ್ರಶ್ನೆ: ನಿಮ್ಮ ಆಕರ ಬಹುಪಾಲು ಒಂದೇ ಮನೆಯದಲ್ವಾ?

ಉತ್ತರ: ಹೌದು ಮೇಡಂ, ಅದು ಈ ಪ್ರಬಂಧದ ಮಿತಿ. ಆಕರ ಇನ್ನೂ ಬೇಕು, ಅದಕ್ಕೇ ಒಂದು ಕೋರಿಕೆ. ನಿಮ್ಮ ಮನೆಗಳ ಹಳೇ ಆಲ್ಬಮ್ ತೆಗೆದಾಗ ಮದುಮಕ್ಕಳ ಹಿಂದೆ ಒಮ್ಮೆ ನೋಡಿ: ಹಾರ್ನ್ ಎಲ್ಲಿದೆ, ಯಾವ ಕಡೆ ತಿರುಗಿದೆ, ಪಕ್ಕದಲ್ಲಿ ಯಾರು ಕೂತಿದ್ದಾರೆ. ಹಾಗೇ ಆ ಮನೆಯಲ್ಲಿ ಹಾಡುವವರು ಇನ್ನೂ ಇದ್ದರೆ ಅವರ ಹಾಡನ್ನು ಫೋನಿನಲ್ಲಾದರೂ ಹಿಡಿದಿಡಿ. ನಮ್ಮಜ್ಜಿಯ ಹಾಡಿನಲ್ಲಿ ನನ್ನ ಹತ್ತಿರ ಇರೋದು 4 ನಿಮಿಷ, ಅದರ ಹಿಂದೆ ಪೂರ್ತಿ ಡಿಜೆಯ ಬೇಸ್ ಕೇಳಿಸುತ್ತೆ.